ಹಿಂಬದಿ ನೋಡಿ

"ಓದಮ್ಮ. ಗಟ್ಟಿಯಾಗಿ ಓದು, ಎಲ್ಲರಿಗೂ ಕೇಳಲಿ."

ಮಾಲೀಕರು ಎಸೆದ ಪುಸ್ತಿಕೆ ಮೇಜಿನ ಮೇಲೆ ಜಾರಿಕೊಂಡು ಬಂದು ಪ್ರೂಫಕ್ಕನ ಮೊಣಕೈಗೆ ತಾಗಿ ನಿಂತಿತು. ನೀರೆತ್ತುವ ಪಂಪಿನ ಕೈಪಿಡಿ. ಹೋದ ವಾರ ಇದೇ ಪ್ರೆಸ್ಸಿನಿಂದ ಅಚ್ಚಾಗಿ ಹೋದದ್ದು. ಹದಿಮೂರನೇ ಪುಟದ ಅಂಚಿನಲ್ಲಿ ಪಂಪ್ ಕಂಪನಿಯವರು ಯಾರೋ ಸಿಟ್ಟಿನಿಂದ ದೊಡ್ಡದೊಂದು ಪ್ರಶ್ನೆಚಿಹ್ನೆ ಗೀಚಿದ್ದರು. ಅವಳು ಕನ್ನಡಕ ಏರಿಸಿಕೊಂಡು ಓದತೊಡಗಿದಳು.

"'ಪಂಪು ಚಾಲೂ ಮಾಡುವ ಮೊದಲು ವಾಲ್ವ್ ಪೂರ್ತಿ ತೆರೆದಿದೆಯೇ ಎಂದು ನೋಡಿಕೊಳ್ಳಿ. ಲಿಫ್ಟು ಮೂರನೇ ಮಹಡಿಗೂ ನಾಲ್ಕನೇ ಮಹಡಿಗೂ ನಡುವೆ ನಿಂತಾಗ ಅಪ್ಪನ ಜೊತೆ ಒಳಗಿದ್ದದ್ದು ಒಬ್ಬಳೇ ಒಬ್ಬಳು ಹೆಂಗಸು...'"

ಅವಳು ಪುಸ್ತಿಕೆ ಮುಚ್ಚಿದಳು.

"ಯಾಕೆ ನಿಲ್ಲಿಸಿದೆ? ಓದು! ವಾಲ್ವ್ ತೆಗೆದ್ರೆ ನೀರು ಬರ್ಬೇಕು, ಇಲ್ಲಿ ಲಿಫ್ಟು ಬಂದಿದೆ. ಯಾರಮ್ಮ ಈ ಅಪ್ಪ? ಐನೂರು ಪ್ರತಿ! ಐನೂರರಲ್ಲೂ ಈ ಮನುಷ್ಯ ಲಿಫ್ಟಲ್ಲಿ ಸಿಕ್ಕಿಹಾಕಿಕೊಂಡು ನಿಂತಿದಾನೆ!"

ಅವಳಿಗೆ ಹೆದರಿಕೆಯಾಯಿತು, ನಾಚಿಕೆಯೂ ಆಯಿತು. ಸುಳ್ಳು ಯಾಕೆ ಹೇಳಬೇಕು, ಇವೆರಡರ ಅಡಿಯಲ್ಲಿ ಎಲ್ಲೋ ಒಂದು ಚೂರು ಸಂತೋಷವೂ ಆಯಿತು. ತಾನು ಬರೆದದ್ದು ಅಚ್ಚಿನಲ್ಲಿ ಹೀಗೆ ಕಾಣುತ್ತದೆ ಎಂದು ಅವಳು ನೋಡಿದ್ದು ಅದೇ ಮೊದಲು.

ಆ ಪ್ರೆಸ್ಸಿನಲ್ಲಿ ಅವಳಿಗೆ ಹತ್ತೊಂಬತ್ತು ವರ್ಷದ ಸರ್ವೀಸು. ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಅವಳ ಹೆಸರು ಬೇರೆಲ್ಲೂ ಉಳಿದಿರಲಿಲ್ಲ, ಮಾಲೀಕರಿಂದ ಹಿಡಿದು ಕಾಗದ ಹೊರುವವರ ತನಕ ಎಲ್ಲರಿಗೂ ಅವಳು ಪ್ರೂಫಕ್ಕ. ವಾರ್ಷಿಕ ವರದಿ, ಶಾಲೆಯ ಫಾರಂ, ಔಷಧಿ ಡಬ್ಬಿಯ ಚೀಟಿ, ಯಾವುದೇ ಬರಲಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದಳು. ಕೆಲಸಕ್ಕೆ ಸೇರಿದ ಮೊದಲ ದಿನ ಮಾಲೀಕರು ಒಂದೇ ಪಾಠ ಹೇಳಿಕೊಟ್ಟಿದ್ದರು. "ಮೂಲ ಪ್ರತಿ ಪಕ್ಕದಲ್ಲಿ ಇಟ್ಕೊ. ಅದರಲ್ಲಿ ಇರೋದು ಬಿಟ್ಟು ಹೋಗಬಾರದು, ಇಲ್ಲದ್ದು ನಿನ್ನ ಕೈಯಿಂದ ಸೇರಬಾರದು." ಅವಳು ಆ ಮಾತನ್ನು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡಳೆಂದರೆ, ಮನೆಯಲ್ಲಿ ಸಾಮಾನಿನ ಪಟ್ಟಿ ಬರೆದರೂ ಎರಡು ಸಲ ತಾಳೆ ನೋಡುತ್ತಿದ್ದಳು.

ಇಂಥವಳು ಹದಿನಾಲ್ಕು ವರ್ಷದಿಂದ ಗುಟ್ಟಾಗಿ ಪುಸ್ತಕ ಬರೆಯುತ್ತಿದ್ದಳು. ಒಂದಲ್ಲ, ಮೂರು. ಪ್ರೆಸ್ಸಿನಲ್ಲಿ ಕೆಲಸ ಮುಗಿದ ಪ್ರೂಫ್ ಹಾಳೆಗಳನ್ನು ಮನೆಗೆ ತಂದು, ಖಾಲಿ ಇರುವ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆಯುವುದು ಅವಳ ರೂಢಿ. ಬೆಳಗ್ಗೆ ಐದಕ್ಕೆ ಎದ್ದು ಏಳರವರೆಗೆ ಮೇಜಿನ ಮುಂದೆ ಕೂರುತ್ತಿದ್ದಳು. ಮುಂಬದಿಯಲ್ಲಿ ಅಚ್ಚು, ಕೆಂಪು ಗುರುತು ಎಲ್ಲ ಇರುತ್ತಿದ್ದುದರಿಂದ ಗಂಡನೂ ಅತ್ತೆಯೂ ಅದು ಪ್ರೆಸ್ಸಿನ ಕೆಲಸವೆಂದೇ ತಿಳಿದಿದ್ದರು. "ಅವಳನ್ನ ಮಾತಾಡಿಸಬೇಡವೋ, ಆಫೀಸಿಂದು ಮಾಡ್ತಿದಾಳೆ" ಎಂದು ಅತ್ತೆ ತಮ್ಮ ಮಗನನ್ನು ಗದರಿಸಿ ಕಾಫಿಯನ್ನು ಶಬ್ದವಾಗದಂತೆ ತಂದಿಡುತ್ತಿದ್ದರು. ಅವಳಿಗೆ ಪಾಪಪ್ರಜ್ಞೆ ಆಗುತ್ತಿತ್ತು, ಆದರೆ ಕಾಫಿ ಕುಡಿಯುತ್ತಿದ್ದಳು.

ಭಾನುವಾರಕ್ಕೊಮ್ಮೆ ಕ್ಯಾಲೆಂಡರಿನ ಹಿಂದೆ ತನಗೆ ತಾನೇ ಪ್ರಗತಿ ವರದಿ ಬರೆದುಕೊಳ್ಳುವುದು ಇನ್ನೊಂದು ಅಭ್ಯಾಸ. ವರ್ಷವಿಡೀ ಅಂಥ ವರದಿಗಳನ್ನೇ ತಿದ್ದುವವಳಿಗೆ ಭಾಷೆ ಕರತಲಾಮಲಕ. 'ಕಾದಂಬರಿ: ನಲವತ್ತೊಂದು ಪುಟ. ಹೋದ ವಾರ: ನಲವತ್ತನಾಲ್ಕು.' ಬರೆದಷ್ಟನ್ನೂ ಮೊದಲಿನಿಂದ ತಿದ್ದಿ ತಿದ್ದಿ ಹೊಡೆದು ಹಾಕುತ್ತಿದ್ದುದರಿಂದ ಆ ಕಾದಂಬರಿ ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತಿತ್ತು. 'ಮಕ್ಕಳ ಪುಸ್ತಕ: ಬಸ್ಸು ಇನ್ನೂ ಡಿಪೋದಲ್ಲೇ ಇದೆ.' ರಜೆ ಬೇಕೆಂದು ಹಟ ಮಾಡುವ ಬಸ್ಸಿನ ಕಥೆ ಅದು. ಅದಕ್ಕೆ ಕೇಳದೆಯೇ ಆರು ವರ್ಷ ರಜೆ ಸಿಕ್ಕಿತ್ತು. ಮೂರನೆಯದರ ಎದುರು ಮಾತ್ರ ತಮಾಷೆ ಇರಲಿಲ್ಲ. 'ಅಪ್ಪ: ಒಂಬತ್ತು ಪುಟ. ಲಿಫ್ಟ್ ನಿಂತಿದೆ.' ನಾಲ್ಕು ವರ್ಷದಿಂದ ಪ್ರತಿ ಭಾನುವಾರ ಅದೇ ಸಾಲು.

ಅವಳ ಅಪ್ಪ ಆರು ಮಹಡಿಯ ಆಫೀಸು ಕಟ್ಟಡವೊಂದರಲ್ಲಿ ಮೂವತ್ತೊಂದು ವರ್ಷ ಲಿಫ್ಟ್ ನಡೆಸಿದವನು. ಅವಳಿಗೆ ಹನ್ನೆರಡು ತುಂಬಿದ ವರ್ಷ ಒಂದು ದಿನ ಆ ಲಿಫ್ಟು ಎರಡು ಗಂಟೆ ಕೆಟ್ಟು ನಿಂತಿತ್ತು. ಒಳಗೆ ಅಪ್ಪ, ಗುರುತಿಲ್ಲದ ಒಬ್ಬ ಹೆಂಗಸು. ಆ ಸಂಜೆ ಮನೆಗೆ ಬಂದ ಅಪ್ಪ ಬೇರೆಯೇ ಮನುಷ್ಯನಾಗಿದ್ದ. ಒಳಗೆ ಏನು ನಡೆಯಿತೆಂದು ಅವನು ಸಾಯುವ ತನಕ ಹೇಳಲಿಲ್ಲ. ಪ್ರೂಫಕ್ಕನ ಪುಸ್ತಕ ನಿಂತದ್ದು ಅಲ್ಲಿ. ಆ ಎರಡು ಗಂಟೆಗೆ ಮೂಲ ಪ್ರತಿ ಇರಲಿಲ್ಲ. ಇಲ್ಲದ್ದನ್ನು ತನ್ನ ಕೈಯಿಂದ ಸೇರಿಸುವುದು ಅವಳಿಗೆ ಕಳ್ಳತನದ ಹಾಗೆ ಕಾಣುತ್ತಿತ್ತು.

ಈಗ ಅದೇ ಪುಟ ಪಂಪಿನ ಪುಸ್ತಿಕೆಯೊಳಗೆ ಹೇಗೆ ಬಂತು?

"ಬೆರಳಣ್ಣ, ನೀನು ಹೇಳು" ಎಂದರು ಮಾಲೀಕರು. ಬೆರಳಣ್ಣ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವವನು. ಇಪ್ಪತ್ತು ವರ್ಷದಿಂದ ಎರಡೇ ಬೆರಳಿನಲ್ಲಿ ಟೈಪು ಮಾಡಿಕೊಂಡು ಬಂದವನು, ಇನ್ನೆಂಟು ತಿಂಗಳಿಗೆ ನಿವೃತ್ತನಾಗಬೇಕಾದವನು. ಅವನು ಕಡತದಿಂದ ಒಂದು ಹಾಳೆ ತೆಗೆದ. ಹಾಳೆಯ ಮುಂಬದಿಯಲ್ಲಿ ಪಂಪಿನ ಚಿತ್ರ. ಅದರ ಪಕ್ಕ ಕೆಂಪು ಬಾಣ, ಬಾಣದ ತುದಿಗೆ ದುಂಡಗೆ 'ಹಿಂಬದಿ ನೋಡಿ.'

ನೋಡಿದ ತಕ್ಷಣ ಪ್ರೂಫಕ್ಕನಿಗೆ ಎಲ್ಲ ಹೊಳೆಯಿತು. ಸೇರಿಸಬೇಕಾದ ಮಾತು ಅಂಚಿನಲ್ಲಿ ಹಿಡಿಸದಿದ್ದರೆ ಹಾಳೆಯ ಹಿಂದೆ ಬರೆದು ಹೀಗೆ ಗುರುತು ಹಾಕುವುದು ಅವರ ಪ್ರೆಸ್ಸಿನ ಪದ್ಧತಿ. ಇದು ನಾಲ್ಕು ವರ್ಷದ ಹಿಂದಿನ ಕೈಪಿಡಿಯ ಹಾಳೆ. ಆಗ ಹಿಂಬದಿಯ ತುದಿಯಲ್ಲಿ ವಾಲ್ವಿನ ಒಂದು ಸಾಲು ಸೇರಿಸಿದ್ದಳು. ಕೆಳಗೆ ಅಷ್ಟೂ ಖಾಲಿ ಉಳಿದಿತ್ತು. ಖಾಲಿ ಜಾಗ ಕಂಡರೆ ಬಿಡುವ ಜೀವವಲ್ಲ ಅವಳದು, ಅಲ್ಲೇ ಅಪ್ಪನನ್ನು ಬರೆದಿದ್ದಳು. ಈ ವರ್ಷದ ಪ್ರೂಫನ್ನು ಮನೆಗೆ ಒಯ್ದು, ಅಪ್ಪನ ಹಾಳೆಗಳಿದ್ದ ಮೇಜಿನ ಮೇಲೇ ಇಟ್ಟುಕೊಂಡು ತಿದ್ದಿದಳು. ಮರುದಿನ ಅತ್ತೆಯ ಕಣ್ಣಿನ ಪೊರೆ ತೆಗೆಸಲು ಆಸ್ಪತ್ರೆಗೆ ಹೋಗಬೇಕಿತ್ತು, ಕಟ್ಟನ್ನು ಗಂಡನ ಕೈಲಿ ಪ್ರೆಸ್ಸಿಗೆ ಕಳಿಸಿದಳು. ಆಸ್ಪತ್ರೆಯ ಬೆಂಚಿನ ಮೇಲೆ ಅತ್ತೆ ಹೇಳಿದ ಮಾತು ಈಗ ಕಿವಿಯಲ್ಲಿ ಗುಂಯ್ ಎಂದಿತು. "ನಿನ್ನ ಪಂಪಿನ ಕಾಗದ ಒಂದು ಫ್ಯಾನ್ ಗಾಳಿಗೆ ಕೆಳಗೆ ಬಿದ್ದಿತ್ತು ಕಣೆ. ಓದಕ್ಕಂತೂ ಕಾಣಲ್ಲ, ಚಿತ್ರ ನೋಡಿ ಸರಿಯಾದ ಜಾಗಕ್ಕೇ ಸೇರಿಸಿಟ್ಟಿದೀನಿ." ಅವಳು ಅತ್ತೆಗೆ ಥ್ಯಾಂಕ್ಸ್ ಕೂಡ ಹೇಳಿದ್ದಳು.

"ಇದೆಲ್ಲ ಟೈಪ್ ಮಾಡುವಾಗ ನಿಂಗೆ ಒಂಚೂರೂ ಅನುಮಾನ ಬರ್ಲಿಲ್ವಾ?" ಮಾಲೀಕರು ಬೆರಳಣ್ಣನ ಕಡೆ ತಿರುಗಿದರು.

"ನಾನು ಅಕ್ಷರ ನೋಡ್ತೀನಿ ಸಾರ್, ಅರ್ಥಕ್ಕೆ ಕೈ ಹಾಕಲ್ಲ. ಕಂಪನಿಯೋರೂ ಸೈನ್ ಹಾಕಿ ಕಳಿಸಿದ್ರು." ಬೆರಳಣ್ಣ ಅವಳನ್ನು ಒಂದು ಕ್ಷಣ ನೋಡಿದ. ಅವಳ ಕೈಬರಹ ಅವನಿಗೆ ಗೊತ್ತಿಲ್ಲದ್ದೇ? "ಯಾವ್ದೋ ಕಾಗದ ಸೇರಿಕೊಂಡುಬಿಟ್ಟಿದೆ. ನನ್ನದೇ ತಪ್ಪು ಅಂದ್ಕೊಳ್ಳಿ."

ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಎಂಟು ತಿಂಗಳು ಉಳಿದವನ ತಲೆಗೆ ಕಟ್ಟಿ, ಹದಿನಾಲ್ಕು ವರ್ಷದ ಗುಟ್ಟನ್ನು ಮತ್ತೆ ಮಡಚಿಟ್ಟುಕೊಳ್ಳಬಹುದಿತ್ತು. ಅವಳಿಗೆ ಆಸೆಯಾಗಲಿಲ್ಲ ಎಂದರೆ ತಪ್ಪಾದೀತು.

"ಬೆರಳಣ್ಣಂದಲ್ಲ ಸಾರ್. ನಾನು ಬರೆದಿದ್ದು" ಎಂದಳು.

"ಏನನ್ನ ಬರೆದಿದ್ದು?"

"ಪುಸ್ತಕ."

"ಯಾವ ಪುಸ್ತಕ?"

"ಮೂರಿದೆ ಸಾರ್. ಇದು ಮೂರನೇದು."

"ಮೂರಾ!" ಮಾಲೀಕರು ಕುರ್ಚಿಯಲ್ಲಿ ಕುಸಿದು ಕೂತರು. ಇವಳು ಇನ್ನೆರಡನ್ನು ಯಾವ ಕೈಪಿಡಿಯಲ್ಲಿ ಸೇರಿಸಿಟ್ಟಿದ್ದಾಳೋ ಎಂಬ ದಿಗಿಲು ಅವರ ಮುಖದಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಆಮೇಲೆ ದನಿ ಇಳಿಸಿ ಹೇಳಿದರು. "ಮಧ್ಯಾಹ್ನ ಕಂಪನಿ ಕಡೆಯಿಂದ ಜನ ಬರ್ತಾರೆ, ಪ್ರತಿ ಎಲ್ಲಾ ವಾಪಸ್ ತಗೊಂಡು. ನೀನೇ ಎದುರು ನಿಂತು ಉತ್ತರ ಕೊಡು. ಅವರೇನಾದ್ರೂ ಇನ್ಮೇಲೆ ಕೆಲಸ ಕೊಡಲ್ಲ ಅಂದ್ರೆ, ನಿನ್ನನ್ನ ಇಟ್ಕೊಳ್ಳೋದು ನನ್ನ ಕೈಲಾಗಲ್ಲಮ್ಮ. ಮುಂಚೆನೇ ಹೇಳಿದೀನಿ."

ಮಧ್ಯಾಹ್ನದ ಊಟದ ಡಬ್ಬಿ ಅವಳು ತೆರೆಯಲಿಲ್ಲ. ಮೂರು ಗಂಟೆಗೆ ಸಾಮಾನು ಆಟೋ ಬಂದು ನಿಂತಿತು. ಇಳಿದವನು ಕೋಟು ಟೈ ತೊಟ್ಟ ಮ್ಯಾನೇಜರ್ ಅಲ್ಲ. ಐವತ್ತು ದಾಟಿದ, ಎಣ್ಣೆ ಕಲೆಯ ಅಂಗಿಯ ಗಟ್ಟಿಮುಟ್ಟಾದ ಆಸಾಮಿ. ಮನೆ ಮನೆಗೆ ಹೋಗಿ ಪಂಪು ಕೂರಿಸುವ ಫಿಟ್ಟರ್. ಪೆಟ್ಟಿಗೆಗಳನ್ನು ಒಂದೊಂದಾಗಿ ತಂದು ಇಳಿಸಿ, ಅಂಗೈ ಒರೆಸಿಕೊಂಡು ಕೇಳಿದ.

"ಆ ಲಿಫ್ಟಿಂದು ಬರೆದೋರು ಯಾರು?"

ಪ್ರೂಫಕ್ಕ ಎದ್ದು ನಿಂತಳು. ಬೈಸಿಕೊಳ್ಳಲು ಬೆಳಗ್ಗೆಯಿಂದ ತಯಾರಾಗಿದ್ದಳು. "ನಾನೇ. ತಪ್ಪಾಯ್ತು" ಎಂದಳು.

"ಅದಿರ್ಲಿ ಮೇಡಂ. ಆಮೇಲೆ ಏನಾಯ್ತು?"

"ಯಾವುದರಲ್ಲಿ?"

"ಲಿಫ್ಟಲ್ಲಿ. ಆ ಎರಡು ಗಂಟೆ. ನಾನೊಂದು ಮನೆ ತಾರಸಿ ಮೇಲೆ ತೊಟ್ಟಿ ತುಂಬೋದು ಕಾಯ್ತಾ ಕೂತಿದ್ದೆ, ಮಾಡಕ್ಕೆ ಕೆಲಸ ಇಲ್ಲ, ಈ ಬುಕ್ಕು ತೆಗೆದೆ. 'ಏನು ನಡೆಯಿತೆಂದರೆ' ಅಂತ ಇದೆ. ಮುಂದಿನ ಪುಟ ನೋಡಿದ್ರೆ 'ಫ್ಯೂಸ್ ಬದಲಿಸುವ ವಿಧಾನ!' ಹಾಳೆ ಬಿಟ್ಟುಹೋಗಿರ್ಬೇಕು ಅಂತ ಚೀಲದಲ್ಲಿದ್ದ ಬೇರೆ ಪ್ರತಿ ಬಿಚ್ಚಿದೆ. ಐದು ಪ್ರತಿ ಬಿಚ್ಚಿದೆ ಮೇಡಂ. ಐದರಲ್ಲೂ ಫ್ಯೂಸೇ. ಅಷ್ಟರಲ್ಲಿ ತೊಟ್ಟಿ ತುಂಬಿ ನೀರು ಕೆಳಗಿನ ಮನೆಯೋರ ಬಟ್ಟೆ ಮೇಲೆ."

ಬೆರಳಣ್ಣ ಕಂಪ್ಯೂಟರಿನ ಹಿಂದೆ ತಲೆ ತಗ್ಗಿಸಿ ನಗು ನುಂಗಿದ. ಮಾಲೀಕರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

"ಏನಾಯ್ತು ಅಂತ ನಂಗೂ ಗೊತ್ತಿಲ್ಲ" ಎಂದಳು ಪ್ರೂಫಕ್ಕ.

"ಗೊತ್ತಿಲ್ಲ ಅಂದ್ರೆ? ಬರೆದೋರು ನೀವಲ್ವಾ?" ಫಿಟ್ಟರನಿಗೆ ನಿಜಕ್ಕೂ ಸಿಟ್ಟು ಬಂತು. ಅವಳಿಗೆ ಆ ದಿನ ಹೊರಗಿನವರಿಂದ ಸಿಕ್ಕ ಬೈಗುಳ ಅದೊಂದೇ.

"ನಮ್ಮಪ್ಪ ಹೇಳಲೇ ಇಲ್ಲ. ಈಗ ಅವರಿಲ್ಲ."

"ಆ ಹೆಂಗಸನ್ನ ಕೇಳ್ಬಹುದಿತ್ತಲ್ಲ."

"ಯಾರು ಅಂತ ಗೊತ್ತಿಲ್ಲ. ಈಗ ಬದುಕಿದಾರೋ ಇಲ್ವೋ."

ಫಿಟ್ಟರ್ ಪೆಟ್ಟಿಗೆಯ ಮೇಲೆ ಕೂತ. "ಹಾಗಾದ್ರೆ ಉಳಿದೋರು ನೀವೊಬ್ರೇ ಅಕ್ಕಾ" ಎಂದ. ಮೇಡಂ ಯಾವಾಗ ಅಕ್ಕ ಆದಳೋ ಅವನಿಗೂ ಗೊತ್ತಾಗಲಿಲ್ಲ. "ನಾನೊಂದ್ಸಲ ನೆಲದೊಳಗಿನ ತೊಟ್ಟಿ ತೊಳೆಯಕ್ಕೆ ಇಳಿದಿದ್ದೆ. ಮೇಲಿನೋರು ಮರೆತು ಮುಚ್ಚಳ ಹಾಕ್ಕೊಂಡು ಹೋಗಿಬಿಟ್ರು. ಕತ್ತಲೆ. ಅಂಥ ಹೊತ್ತಲ್ಲಿ ಬಾಯಿಂದ ಮಾತೇ ಬರಲ್ಲ. ಮೊದ್ಲು ಕೂರಕ್ಕೆ ಒಂದು ಜಾಗ ಹುಡುಕ್ತೀವಿ. ಕಾಲಲ್ಲಿ ಜೀವ ಇರಲ್ಲ ನೋಡಿ, ಅದಕ್ಕೆ."

ಮಾಲೀಕರು ಕೆಮ್ಮಿದರು. ಫಿಟ್ಟರ್ ಎದ್ದು ವಿಷಯಕ್ಕೆ ಬಂದ. ಕಂಪನಿಯವರಿಗೆ ತಪ್ಪಿಲ್ಲದ ಕೈಪಿಡಿ ಸೋಮವಾರದೊಳಗೆ ಬೇಕು, ಅಷ್ಟೇ. ಪೂರ್ತಿ ಹೊಸದಾಗಿ ಅಚ್ಚು ಹಾಕುವಷ್ಟು ಕಾಗದವೂ ಇಲ್ಲ, ದಿನವೂ ಇಲ್ಲ. ಕೆಟ್ಟದ್ದು ಒಂದೇ ಹಾಳೆ, ಹದಿಮೂರು-ಹದಿನಾಲ್ಕನೇ ಪುಟ. ಅದನ್ನು ಬ್ಲೇಡಿನಿಂದ ಬುಡದಲ್ಲಿ ಬೆರಳಗಲ ಬಿಟ್ಟು ಕತ್ತರಿಸಿ ತೆಗೆದು, ಉಳಿದ ಅಂಚಿಗೆ ಹೊಸ ಹಾಳೆ ಅಂಟಿಸಿದರಾಯಿತು ಎಂದು ಮಾಲೀಕರು ತೀರ್ಮಾನಿಸಿದರು. ಹೊರಡುವ ಮುಂಚೆ ಫಿಟ್ಟರ್ ಹೇಳಿದ.

"ನಿಮ್ಮ ಹತ್ರ ಇರೋದೂ ಸೇರಿ ನಾನೂರ ತೊಂಬತ್ತೊಂಬತ್ತು ಇದೆ, ಎಣಿಸ್ಕೊಳ್ಳಿ. ಒಂದು ನನ್ನ ಹತ್ರ ಇದೆ, ಅದನ್ನ ಕೊಡಲ್ಲ." ಆಮೇಲೆ ಅವಳ ಕಡೆ ತಿರುಗಿ, "ಉಳಿದಿದ್ದು ಆದಾಗ ಹೇಳಿಕಳಿಸಿ ಅಕ್ಕಾ. ಅದಕ್ಕೇ ಅಂಟಿಸ್ಕೊಂಡು ಓದ್ತೀನಿ" ಎಂದ.

ಆಟೋ ಹೋಯಿತು. ಮಾಲೀಕರು ಪೆಟ್ಟಿಗೆಗಳನ್ನು ಎಣಿಸಿದರು. ಕೊನೆಗೆ, "ಹೊಸ ಹಾಳೆ ಪ್ರೂಫ್ ನೀನೇ ನೋಡು. ಎರಡು ಸಲ ನೋಡು. ಕತ್ತರಿಸೋದೂ ನಿಂದೇ" ಎಂದು ಒಳಗೆ ಹೋದರು. ಕೆಲಸ ಉಳಿಯಿತೆಂದು ಅವಳಿಗೆ ಗೊತ್ತಾಯಿತು. ಅವಳು ಕಣ್ಣೊರೆಸಿಕೊಂಡಳು, ಬೆರಳಣ್ಣ ನೋಡದವನಂತೆ ಪರದೆಯ ಕಡೆ ತಿರುಗಿ ಕೂತ.

ಮರುದಿನ ಬೆಳಗ್ಗೆ ಅವಳು ಕಬ್ಬಿಣದ ಸ್ಕೇಲು, ಬ್ಲೇಡು ಹಿಡಿದು ಕೂತಳು. ಪುಸ್ತಿಕೆ ಬಿಚ್ಚುವುದು, ಸ್ಕೇಲು ಒತ್ತುವುದು, ಸರ್ರೆಂದು ಎಳೆಯುವುದು, ಹಾಳೆಯನ್ನು ಎಡಕ್ಕೆ ಹಾಕುವುದು. ತಾನು ಬರೆದು ಅಚ್ಚಾದ ಮೊದಲ ಪುಟವನ್ನು ತನ್ನ ಕೈಯಾರೆ ನಾನೂರ ತೊಂಬತ್ತೊಂಬತ್ತು ಸಲ ಕತ್ತರಿಸುವ ಭಾಗ್ಯ ಯಾವ ಲೇಖಕರಿಗೆ ಸಿಕ್ಕೀತು?

ಮೊದಲ ಮೂವತ್ತು ಪ್ರತಿಗಳವರೆಗೆ ಅವಳ ಕಣ್ಣು ತಪ್ಪುಗಳನ್ನೇ ಹುಡುಕುತ್ತಿತ್ತು. ಈ ಮಾತು ಎರಡು ಸಲ ಬಂದಿದೆ, ಆ ಸಾಲು ಉದ್ದವಾಯಿತು. ಕೈ ಎರಡು ಸಲ ಕಿವಿಯ ಮೇಲಿದ್ದ ಕೆಂಪು ಪೆನ್ನಿನತ್ತ ಹೋಯಿತು. ಆದರೆ ಇಷ್ಟು ಪ್ರತಿಗಳನ್ನು ತಿದ್ದುವವರುಂಟೇ! ಅರವತ್ತರ ಹೊತ್ತಿಗೆ ತಪ್ಪು ನೋಡುವುದು ನಿಂತಿತು. ನೂರು ದಾಟಿದ ಮೇಲೆ ಆ ಪುಟ ಯಾರೋ ಬರೆದದ್ದೆಂಬಂತೆ ಓದಿಸಿಕೊಳ್ಳತೊಡಗಿತು. ಬ್ಲೇಡು ಎಳೆದಾಗಲೆಲ್ಲ ಒಂದೆರಡು ಸಾಲು ಕಣ್ಣಿಗೆ ಬೀಳುತ್ತಿದ್ದವು.

'ಅಪ್ಪ ಒಳಗೆ ಬರದೆ ಮೆಟ್ಟಿಲ ಮೇಲೇ ಕೂತ. ನೀರು ಕೇಳಿದ. ಇವತ್ತು ಲಿಫ್ಟು ನಿಂತಿತ್ತು ಎಂದ. ಅಷ್ಟೇ.'

'ಅಪ್ಪನ ಕೋಟು ಒಗೆಯುವಾಗ ಅಮ್ಮ ಬೈದಳು. ಹೊರಗೆ ಧೂಳಾದರೆ ಸರಿ, ಒಳಗಿನ ಅಸ್ತರೆಲ್ಲ ಹೇಗೆ ಇಷ್ಟು ಗಲೀಜಾಯಿತು ಎಂದಳು.'

'ಮರುದಿನ ಅಪ್ಪ ಅಟ್ಟದಿಂದ ಮಡಚುವ ಸ್ಟೂಲೊಂದನ್ನು ಇಳಿಸಿ ಲಿಫ್ಟಿಗೆ ಒಯ್ದ. ಊಟದ ಡಬ್ಬಿ ಕೊಡಲು ಹೋದಾಗಲೆಲ್ಲ ನಾನು ಅದನ್ನು ಮೂಲೆಯಲ್ಲಿ ಕಂಡಿದ್ದೇನೆ. ಅಪ್ಪ ಅದರ ಮೇಲೆ ಕೂತದ್ದನ್ನು ಒಂದು ದಿನವೂ ಕಾಣಲಿಲ್ಲ.'

ಅಸ್ತರು. ಸ್ಟೂಲು. ಅಸ್ತರು. ಸ್ಟೂಲು. ನಾಲ್ಕು ವರ್ಷದ ಹಿಂದೆ ಈ ಸಾಲುಗಳನ್ನು ಅವಳೇ ಬರೆದಿದ್ದಳು, ನೆನಪಿದ್ದದ್ದನ್ನು ಬಿಟ್ಟುಹೋಗದಂತೆ ನಕಲು ಮಾಡಿದ ಹಾಗೆ. ತಾಳೆ ನೋಡಿದ್ದಳು, ಸರಿಯಿತ್ತು, ಮುಂದಕ್ಕೆ ಹೋಗಿದ್ದಳು. ಇನ್ನೂರ ಹನ್ನೊಂದನೆಯದೋ ಹನ್ನೆರಡನೆಯದೋ ಪ್ರತಿಯಲ್ಲಿ ಬ್ಲೇಡು ಅರ್ಧ ದಾರಿಯಲ್ಲಿ ನಿಂತಿತು. ಫಿಟ್ಟರನ ಮಾತು ನೆನಪಾಗಿತ್ತು. ಮೊದಲು ಕೂರಲು ಒಂದು ಜಾಗ ಹುಡುಕುತ್ತೇವೆ ಎಂದಿದ್ದ.

"ಏನಾಯ್ತಕ್ಕಾ, ಕೈ ಕುಯ್ದುಕೊಂಡ್ರಾ?" ಬೆರಳಣ್ಣ ಕೇಳಿದ.

"ಇಲ್ಲ. ಬೆರಳಣ್ಣ, ಒಂದು ಕೋಟನ್ನ ತೊಟ್ಟುಕೊಂಡೇ ಇದ್ರೆ ಅಸ್ತರಿಗೆ ಧೂಳಾಗತ್ತಾ?"

"ಹೇಗಾಗತ್ತೆ? ಅಸ್ತರು ಇರೋದು ಮೈ ಕಡೆ ಅಲ್ವಾ. ಬಿಚ್ಚಿ ನೆಲಕ್ಕೆ ಹಾಸಿದ್ರೆ ಮಾತ್ರ..." ಅವನ ಎರಡು ಬೆರಳು ಕೀಲಿಗಳ ಮೇಲೆ ಹಾಗೇ ನಿಂತವು. ಅರ್ಥಕ್ಕೆ ಕೈ ಹಾಕದ ಮನುಷ್ಯ ಅಂದು ಮೊದಲ ಸಲ ಎದ್ದು ಬಂದು, ಎಡಗಡೆಯ ರಾಶಿಯಿಂದ ಒಂದು ಹಾಳೆ ತೆಗೆದುಕೊಂಡು ಹೋಗಿ ಕಿಟಕಿಯ ಬೆಳಕಿನಲ್ಲಿ ನಿಧಾನವಾಗಿ ಓದತೊಡಗಿದ.

ಅವಳು ಬ್ಲೇಡನ್ನು ಪಕ್ಕಕ್ಕಿಟ್ಟಳು. ಇದ್ದದ್ದು ನಿಜವೋ, ತಾನು ಸೇರಿಸುತ್ತಿರುವುದೋ, ಕೇಳಿ ತಿಳಿದುಕೊಳ್ಳಲು ಯಾರೂ ಇರಲಿಲ್ಲ. ಅವಳಿಗೆ ಭಯವಾಯಿತು. ಆದರೂ ಕತ್ತರಿಸಿದ ಒಂದು ಹಾಳೆ ಎಳೆದುಕೊಂಡಳು. ಮುಂದಿನ ಅಧ್ಯಾಯ ಹೊಸ ಪುಟದಿಂದ ಶುರುವಾಗುತ್ತಿದ್ದುದರಿಂದ ಹದಿನಾಲ್ಕನೇ ಪುಟದ ಕೆಳಗಿನ ಅರ್ಧ ಖಾಲಿ ಉಳಿದಿತ್ತು. ಅಚ್ಚಿನ ಕೊನೆಯ ಸಾಲು 'ಆ ಎರಡು ಗಂಟೆ ಒಳಗೆ ಏನು ನಡೆಯಿತೆಂದರೆ' ಎಂದು ಕಾಯುತ್ತಿತ್ತು. ಪೆನ್ಸಿಲಿಗಾಗಿ ತಡಕಾಡಿದಳು, ಸಿಗಲಿಲ್ಲ. ಕಿವಿಯ ಮೇಲಿದ್ದ ಕೆಂಪು ಪೆನ್ನನ್ನೇ ತೆಗೆದು, ಅಚ್ಚಿನ ಕೆಳಗೆ ಬರೆದಳು.

'ಕೂರುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಅಪ್ಪ ಕೋಟು ಬಿಚ್ಚಿದ.'